ಗಂಟೆಯ ಸದ್ದಿಗೆ ಏಳುತ್ತಿದ್ದ ಊರು

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದವರು ಏನೇನು ನೋಡಿ ಬರುತ್ತಾರೆ? ನಯಾಗರ ಜಲಪಾತ, ಮುಗಿಲು ಮುಟ್ಟುವ ಕಟ್ಟಡಗಳು, ದೊಡ್ಡ ದೊಡ್ಡ ಅಂಗಡಿಗಳು. ನಾನೂ ನೋಡಿದೆ ಅನ್ನಿ. ಆದರೆ ಊರಿಗೆ ಮರಳಿದ ಮೇಲೂ ಮನಸ್ಸಿನಲ್ಲಿ ಉಳಿದದ್ದು ಒಂದು ಹಳೆಯ ಅಡುಗೆಮನೆ! ಅದರ ಕಥೆ ನಿಮಗೆ ಹೇಳಲೇಬೇಕು.

ಬಾಸ್ಟನ್ನಿನಿಂದ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ ಹೋದರೆ ಮೆರಿಮ್ಯಾಕ್ ನದಿಯ ದಂಡೆಯಲ್ಲಿ ಲೋವೆಲ್ ಎಂಬ ಊರು. ನದಿ ಇಲ್ಲಿ ರಭಸದಿಂದ ಕೆಳಗಿಳಿಯುತ್ತದೆ. ಆ ನೀರನ್ನು ಕಾಲುವೆಗಳಿಗೆ ತಿರುಗಿಸಿ, ಅದರ ಬಲದಿಂದ ಚಕ್ರ ಓಡಿಸಿ, ಬಾಸ್ಟನ್ನಿನ ಸಾಹುಕಾರರು 1820ರ ದಶಕದಲ್ಲಿ ಬಟ್ಟೆ ಗಿರಣಿಗಳನ್ನು ಕಟ್ಟಿದರು. ಹತ್ತಿ ಬರುತ್ತಿದ್ದುದು ದಕ್ಷಿಣದ ತೋಟಗಳಿಂದ. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಇಲ್ಲಿ ನೂತು ನೇಯಲು ಬಂದವರು ಸುತ್ತಲ ಹಳ್ಳಿಗಳ ರೈತರ ಹೆಣ್ಣುಮಕ್ಕಳು. ಒಬ್ಬಳಿಗೆ ತಮ್ಮನ ಓದಿನ ಚಿಂತೆ, ಇನ್ನೊಬ್ಬಳಿಗೆ ಅಪ್ಪನ ಸಾಲದ ಚಿಂತೆ.

ಹಳೆಯ ಬೂಟ್ ಗಿರಣಿ ಈಗ ವಸ್ತುಸಂಗ್ರಹಾಲಯ. ಆ ಹುಡುಗಿಯರ ಕಾಲದ ನಂತರ ಬಂದ ಮಗ್ಗಗಳನ್ನು ಅಲ್ಲಿ ಸಾಲಾಗಿ ಇಟ್ಟಿದ್ದಾರೆ. ನಾನು ಹೋದಾಗ ಕೆಲವೇ ಕೆಲವು ಓಡುತ್ತಿದ್ದವು. ಅಷ್ಟಕ್ಕೇ ನೆಲ ನಡುಗಿತು, ಪಕ್ಕದಲ್ಲಿದ್ದ ಮಗಳ ಮಾತೂ ಕೇಳಿಸಲಿಲ್ಲ! ಆ ಹುಡುಗಿಯರೋ ಇಂಥ ಸದ್ದಿನಲ್ಲಿ ದಿನಕ್ಕೆ 12-13 ಗಂಟೆ, ವಾರಕ್ಕೆ ಆರು ದಿನ ನಿಂತಿರುತ್ತಿದ್ದರು. ನೂಲು ಕಡಿಯಬಾರದೆಂದು ಕಿಟಕಿಗಳನ್ನೂ ಮುಚ್ಚಿರುತ್ತಿದ್ದರಂತೆ.

ಹತ್ತಿರದಲ್ಲೇ ಅವರು ತಂಗುತ್ತಿದ್ದ ಮನೆ. ಇಂಥ ಒಂದೊಂದು ಮನೆಯಲ್ಲೂ ಇಪ್ಪತ್ತು-ಮೂವತ್ತು ಹುಡುಗಿಯರು, ಒಂದು ಹಾಸಿಗೆಗೆ ಇಬ್ಬರು. ನಡೆಸುವವಳು ಒಬ್ಬ ಹೆಂಗಸು, ಎಷ್ಟೋ ಕಡೆ ವಿಧವೆ. ಮಧ್ಯಾಹ್ನ ಗಂಟೆ ಹೊಡೆದ ಕೂಡಲೇ ಎಲ್ಲರೂ ಓಡಿ ಬರುತ್ತಿದ್ದರು. ಹೋಗಿಬರುವುದೂ ಸೇರಿ ಊಟಕ್ಕೆ ಅರ್ಧ-ಮುಕ್ಕಾಲು ಗಂಟೆ. ಅಷ್ಟರೊಳಗೆ ಮೂವತ್ತು ತಟ್ಟೆ ಬಡಿಸುವುದೆಂದರೆ ಏನೆಂದು ನಿಮಗೆ ನಾನು ಬಿಡಿಸಿ ಹೇಳಬೇಕೇ?

ಹ್ಯಾರಿಯೆಟ್ ಹ್ಯಾನ್ಸನ್‌ಳ ತಾಯಿ ಇಂಥದೇ ಮನೆ ನಡೆಸುತ್ತಿದ್ದ ವಿಧವೆ. ಮಗಳು ಹತ್ತು ವರ್ಷಕ್ಕೇ ಗಿರಣಿ ಸೇರಿದ್ದಳು. 1834ರಲ್ಲಿ ಸಂಬಳ ಕಡಿತವಾದಾಗಲೇ ಹುಡುಗಿಯರು ಒಮ್ಮೆ ಮುಷ್ಕರ ಹೂಡಿದ್ದರು. 1836ರಲ್ಲಿ ಸಾಮಾನಿನ ಬೆಲೆ ಏರಿತು. ಮಾಲೀಕರು ಆ ಹೊರೆಯನ್ನು ಹುಡುಗಿಯರ ಮೇಲೆ ಹಾಕಿ, ಊಟ-ವಸತಿಗೆ ಹೆಚ್ಚು ಹಣ ಹಿಡಿದರು. ಮತ್ತೆ ಮುಷ್ಕರ. ಹ್ಯಾರಿಯೆಟ್ ಇದ್ದ ಕೋಣೆಯಲ್ಲಿ ದೊಡ್ಡವರು ಹೋಗೋಣವೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದರು. ಯಾರು ಬಂದರೂ ಬಿಟ್ಟರೂ ನಾನಂತೂ ಹೋಗುತ್ತೇನೆ ಎಂದು ಹನ್ನೊಂದು ವರ್ಷದ ಈ ಪೋರಿ ಹೊರಟೇಬಿಟ್ಟಳು! ಹಿಂದೆ ಇಡೀ ಸಾಲು ಹೊರಟಿತು.

ಶಿಕ್ಷೆ ಯಾರಿಗಾಯಿತು ಗೊತ್ತೇ? ತಾಯಿಗೆ. ದೊಡ್ಡ ಹುಡುಗಿಯರನ್ನು ತಡೆಯುವುದು ನಿನ್ನ ಕೈಲಾಗದಿರಬಹುದು, ನಿನ್ನ ಮಗಳನ್ನಾದರೂ ಹದ್ದಿನಲ್ಲಿಡಬಹುದಿತ್ತಲ್ಲ ಎಂದು ಗಿರಣಿಯವರು ಆಕೆಯಿಂದ ಆ ಮನೆಯನ್ನೇ ಕಿತ್ತುಕೊಂಡರು. ಆ ಅಡುಗೆಮನೆಯಲ್ಲಿ ನಿಂತಾಗ ನನಗೆ ನೆನಪಾದವಳು ಈ ತಾಯಿ. ಒಲೆ ಆಕೆ ಹಚ್ಚುತ್ತಿದ್ದಳು, ಆದರೆ ಮನೆ ಆಕೆಯದಾಗಿರಲಿಲ್ಲ.

ಹುಡುಗಿಯರು ಅಲ್ಲಿಗೇ ಬಿಡಲಿಲ್ಲ. ನೇಕಾರಳಾಗಿದ್ದ ಸಾರಾ ಬ್ಯಾಗ್ಲಿ ಅಧ್ಯಕ್ಷೆಯಾಗಿ ಹೆಣ್ಣುಮಕ್ಕಳದೇ ಕಾರ್ಮಿಕ ಸಂಘ ಬೆಳೆಯಿತು. 1845ರಲ್ಲಿ ಆಕೆ ಮತ್ತು ಜೊತೆಯವರು ಶಾಸಕರ ಸಮಿತಿಯ ಮುಂದೆ ನಿಂತು, ದಿನಕ್ಕೆ ಹತ್ತೇ ಗಂಟೆ ಕೆಲಸ ಸಾಕು ಎಂದರು. ಹೆಂಗಸರಿಗೆ ಆಗ ಮತವೇ ಇರಲಿಲ್ಲ ಎಂಬುದು ನೆನಪಿರಲಿ! ಸಮಿತಿ ಕೈಚೆಲ್ಲಿತು. ಆ ರಾಜ್ಯದಲ್ಲಿ ಹೆಂಗಸರಿಗೂ ಮಕ್ಕಳಿಗೂ ಹತ್ತು ಗಂಟೆಯ ಕಾನೂನು ಬಂದದ್ದು 1874ರಲ್ಲಿ. ಹ್ಯಾರಿಯೆಟ್ ಮುಂದೆ ಮಹಿಳೆಯರ ಮತದ ಹಕ್ಕಿಗಾಗಿ ದುಡಿದಳು. 1898ರಲ್ಲಿ ತನ್ನ ಗಿರಣಿ ದಿನಗಳ ಪುಸ್ತಕ ಪ್ರಕಟಿಸಿದಳು. ನಮಗೆ ಈ ಕಥೆ ಉಳಿದದ್ದು ಅದರಿಂದಲೇ.

ನಿಮ್ಮ ಮಕ್ಕಳೂ ಆ ಕಡೆ ಇದ್ದರೆ, ಒಂದು ದಿನ ಅಂಗಡಿ ತಿರುಗುವುದನ್ನು ಬಿಟ್ಟು ಲೋವೆಲ್‌ಗೆ ಹೋಗಿಬನ್ನಿ. ಮಗ್ಗಗಳನ್ನು ನೋಡಿ, ಆದರೆ ಆ ಅಡುಗೆಮನೆಯಲ್ಲಿ ಎರಡು ನಿಮಿಷ ನಿಲ್ಲುವುದನ್ನು ಮಾತ್ರ ಮರೆಯಬೇಡಿ.