ಸೆಪರೇಟ್ ಪದದ ನಡುವಿನ ‘ಎ’

ಆರನೇ ತರಗತಿಯ ಇಂಗ್ಲಿಷ್ ಮಾಧ್ಯಮ ವಿಭಾಗಕ್ಕೆ ನಾನು ತೆಗೆದುಕೊಂಡ ಮೂರನೇ ಪಾಠ, ವಸ್ತುಗಳ ಬೇರ್ಪಡಿಸುವಿಕೆ. ಕರಿಘಟ್ಟದ ಕೆಳಗೆ ಹರಿಯುವ ಲೋಕಪಾವನಿಯಿಂದ ಒಂದು ಬಾಟಲಿ ಕೆಸರು ನೀರು ತಂದಿದ್ದೆ. ಮೊರ, ಜರಡಿ, ರಾಗಿ ಮಕ್ಕಳೇ ತಂದರು. ತೂರುವುದು, ಕೇರುವುದು, ಜರಡಿ ಹಿಡಿಯುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಪಾಠ ಚೆನ್ನಾಗಿತ್ತೆಂದು ವೀಕ್ಷಣಾ ಪುಸ್ತಕದಲ್ಲೂ ಬರೆದರು.

ಎಡವಿದ್ದು ಕಿರುಪರೀಕ್ಷೆಯಲ್ಲಿ. ಒಬ್ಬ ಹುಡುಗಿ ಸೆಪರೇಟ್ ಪದವನ್ನು ಎಸ್, ಇ, ಪಿ, ಎ ಎಂದು ಶುರುಮಾಡಿದ್ದಳು. ಆ ‘ಎ’ಗೆ ಕೆಂಪು ಗೆರೆ ಎಳೆದು ಮೇಲೆ ‘ಇ’ ಬರೆದೆ, ಅರ್ಧ ಅಂಕ ಕಳೆದೆ, ಹತ್ತು ಸಲ ಬರೆದು ತರಲು ಹೇಳಿದೆ. ಮರುದಿನ ಮಾತಿಲ್ಲದೆ ಬರೆದು ತಂದಳು.

ಪಾಠಯೋಜನೆಯನ್ನು ನಾನು ಕನ್ನಡ ಮಾಧ್ಯಮದ ಪುಸ್ತಕ ನೋಡಿ ಬರೆದಿದ್ದೆ. ಇಂಗ್ಲಿಷ್ ಪುಸ್ತಕ ತೆರೆದದ್ದು ಅಂದು ರಾತ್ರಿ. ಶೀರ್ಷಿಕೆಯಲ್ಲೇ ‘ಎ’ ಇತ್ತು. ನಂಬದೆ ನಿಘಂಟು ತೆಗೆದೆ, ಅಲ್ಲೂ ‘ಎ’. ಬಿಎಸ್ಸಿಯ ರೆಕಾರ್ಡ್ ಪುಸ್ತಕದಲ್ಲಿ ಸೆಪರೇಟಿಂಗ್ ಫನೆಲ್ ಎಂದು ಎಷ್ಟು ಸಲ ‘ಇ’ ಹಾಕಿ ಬರೆದಿದ್ದೆನೋ!

ಇಂಗ್ಲಿಷಿನಲ್ಲಿ ಈ ಪದದ ಒತ್ತು ಮೊದಲ ಅಕ್ಷರದ ಮೇಲಿದೆ. ನಡುವಿನ ಸ್ವರ ಮಸುಕಾಗುತ್ತದೆ, ಅದು ‘ಎ’ಯೋ ‘ಇ’ಯೋ ಕಿವಿಗೆ ತಿಳಿಯದು. ಇಂಗ್ಲಿಷೇ ಮನೆಮಾತಾದವರೂ ಇಲ್ಲಿ ತಪ್ಪುತ್ತಾರೆ. ಲ್ಯಾಟಿನ್ನಿನಲ್ಲಿ ‘ಸೆ’ ಎಂದರೆ ಬೇರೆಯಾಗಿ, ‘ಪರಾರೆ’ ಎಂದರೆ ಸಿದ್ಧಪಡಿಸು. ಪ್ರಿಪೇರ್ ಪದದಲ್ಲಿರುವುದೂ ಇದೇ ‘ಪರಾರೆ’. ಪ್ರಿಪೇರ್ ಬರೆಯುವಾಗ ನಡುವೆ ‘ಎ’ ಹಾಕಲು ಯಾರೂ ಮರೆಯುವುದಿಲ್ಲ. ಕ್ರಿಯಾಪದವಾದಾಗ ಕೊನೆಯಲ್ಲಿ ‘ರೇಟ್’ ಎಂದೂ ವಿಶೇಷಣವಾದಾಗ ‘ರಿಟ್’ ಎಂಬಂತೆಯೂ ಕೇಳುತ್ತದೆ. ಕಾಗುಣಿತ ಮಾತ್ರ ಒಂದೇ. ‘ಪಿ’ ಆದ ಮೇಲೆ ಇಂಗ್ಲಿಷಿನ ‘ಎ ರ‍್ಯಾಟ್’, ಒಂದು ಇಲಿ, ಕೂತಿದೆ ಎಂದರೆ ಮಕ್ಕಳಿಗೆ ನೆನಪುಳಿಯುತ್ತದೆ. ರಾಗಿ ಇದ್ದಲ್ಲಿ ಇಲಿ ಇರಲೇಬೇಕಲ್ಲ.

ಬೆಳಿಗ್ಗೆ ತರಗತಿಗೆ ಹೋದವಳೇ ಕಪ್ಪುಹಲಗೆಯ ಮೇಲೆ ಎರಡೂ ರೂಪ ಬರೆದು, ತಪ್ಪು ನನ್ನದು ಎಂದೆ. ಹೇಳುವ ಮುಂಚೆ ಬಾಯಿ ಒಣಗಿತ್ತು. ಮಕ್ಕಳು ನಗಲಿಲ್ಲ, ರಬ್ಬರ್ ಹುಡುಕತೊಡಗಿದರು. ನನ್ನ ‘ಇ’ ಎಲ್ಲರ ನೋಟ್‌ಬುಕ್ಕಿಗೂ ಇಳಿದಿತ್ತು. ‘ಇ’ ಬರೆದು ಅಂಕ ಪಡೆದವರ ಅಂಕ ಕಳೆಯಲಿಲ್ಲ. ಅವರು ಬರೆದದ್ದು ನನ್ನ ಪಾಠವನ್ನೇ.

ಆ ಹುಡುಗಿಯನ್ನು ಕರೆದು, ನಿನಗೆ ಹೇಗೆ ಗೊತ್ತಿತ್ತು ಎಂದು ಕೇಳಿದೆ.

“ಸಪರೇಟು ಅಂತೀವಲ್ಲ ಮಿಸ್. ಪ ಅಂದ್ರೆ ಪಿ, ಎ.”

ನಮ್ಮೂರುಗಳಲ್ಲಿ ಅಣ್ಣತಮ್ಮಂದಿರು ಸಪರೇಟಾದರು ಎನ್ನುವಾಗ ಆ ‘ಪ’ ಎಷ್ಟು ಸ್ಪಷ್ಟ! ಶುದ್ಧವಾಗಿ ಉಚ್ಚರಿಸಲು ಹೋಗಿ ನಾನು ಅದನ್ನು ‘ಪರ್ಸೆಂಟ್’ನ ‘ಪರ್’ ಮಾಡಿಕೊಂಡಿದ್ದೆ.

“ಮತ್ತೆ ಹತ್ತು ಸಲ ಯಾಕೆ ತಪ್ಪು ಬರೆದೆ?”

“ನೀವು ಹೇಳಿದ್ರಲ್ಲ ಮಿಸ್.”

ಅರ್ಧ ಅಂಕ ವಾಪಸು ಕೊಟ್ಟೆ. ಆ ಹತ್ತು ಸಾಲುಗಳನ್ನು ಅವಳ ಕೈಯಿಂದ ಅಳಿಸಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಪುಸ್ತಕ ಇಸಿದುಕೊಂಡು, ಅದೇ ಕೆಂಪು ಪೆನ್ನಿನಲ್ಲಿ ಒಂದೊಂದಾಗಿ ನಾನೇ ತಿದ್ದಿದೆ.