ಹತ್ತನೇ ಕ್ಲಾಸು ಇಲ್ಲೇ ಮುಗಿಯಲಿ

ಸಂಜೆ ಆರಕ್ಕೆ ಮಾರತ್ತಹಳ್ಳಿ ಸೇತುವೆ ಬಳಿ ನಿಂತರೆ ಊರು ಬಿಟ್ಟು ಬಂದವರನ್ನೆಲ್ಲ ಒಂದೇ ಕಡೆ ನೋಡಬಹುದು. ಕಾಡುಗೋಡಿಯ 335-ಇ ಬಸ್ಸಿನಿಂದ ಇಳಿಯುವವರು, ರಿಂಗ್ ರೋಡಿನ 500-ಡಿ ಹಿಡಿಯಲು ಓಡುವವರು, ಎಲ್ಲರ ಬೆನ್ನಿಗೂ ಒಂದೊಂದು ಬ್ಯಾಗು. ಕಂಬ, ಗೋಡೆಗಳ ಮೇಲೆ ಪಿ.ಜಿ.ಗಳ ಬೋರ್ಡು, ಜಾವಾ, ಪೈಥಾನ್ ಕಲಿಸುವವರ ಬೋರ್ಡು. ‘ವಿದೇಶದಲ್ಲಿ ಓದಿ’ ಎನ್ನುವ ಬೋರ್ಡುಗಳೂ ಕಡಿಮೆಯಿಲ್ಲ. ಹತ್ತಿರದ ಎಚ್‌ಎಎಲ್ ವಿಮಾನ ನಿಲ್ದಾಣವೇ 2008ರ ಮೇ ತಿಂಗಳವರೆಗೆ ಬೆಂಗಳೂರಿನ ನಿಲ್ದಾಣವಾಗಿತ್ತು. ಒಬ್ಬ ಹೊರಟರೆ ಬೀಳ್ಕೊಡಲು ಮನೆಮಂದಿಯೆಲ್ಲ ಹೋಗುತ್ತಿದ್ದೆವು. ಈಗ ದೇವನಹಳ್ಳಿ ಕಡೆಯ ವಾಯುವಜ್ರ ಬಸ್ಸು ಹತ್ತಿಸಿ ಕೈ ಬೀಸಿದರೆ ಮುಗಿಯಿತು.

ಆ ಬೋರ್ಡಿನ ವಿಷಯ ನಮ್ಮ ಮನೆಯೊಳಕ್ಕೂ ಬಂತು. ಮೊಮ್ಮಗಳು ಎಂಟನೇ ಕ್ಲಾಸು. “ಒಂಬತ್ತಕ್ಕೇ ಕಳಿಸಿದರೆ ಅಲ್ಲಿನ ಕಾಲೇಜಿಗೆ ಸೇರುವುದು ಸುಲಭವಂತೆ” ಎಂದ ಮಗ. “ಇಷ್ಟು ಬೇಗನಾ, ಮಾವ?” ಎಂದು ಸೊಸೆ ನನ್ನ ಮುಖ ನೋಡಿದಳು. ಜೀವಮಾನವೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಯಾವ ಫಾರಂ ಕೊಟ್ಟರೂ ಮೊದಲು ಹಿಂಬದಿಯ ಷರತ್ತು ಓದುವ ಚಾಳಿ. ಕನ್ನಡಕ ಹಾಕಿಕೊಂಡು ಕೂತೆ.

ಅಮೆರಿಕದ ಸರ್ಕಾರಿ ಹೈಸ್ಕೂಲಿನಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಓದಬಹುದಾದದ್ದು ಹೆಚ್ಚೆಂದರೆ 12 ತಿಂಗಳು, ಅದೂ ಪೂರ್ತಿ ಖರ್ಚು ನಾವೇ ಕಟ್ಟಿ. ಆಮೇಲೆ ಖಾಸಗಿ ಶಾಲೆಯೇ ಗತಿ. ಬ್ರಿಟನ್ನಿನಲ್ಲಿ 4ರಿಂದ 17 ವರ್ಷದವರಿಗೆ ಬೇರೆ ವೀಸಾ ಇದೆ. ಅದು ಶುಲ್ಕ ಕಟ್ಟುವ ಖಾಸಗಿ ಶಾಲೆಗೆ ಮಾತ್ರ. ಕೆನಡಾದಲ್ಲಿ 17 ತುಂಬದ ಮಗು ಅಪ್ಪ ಅಮ್ಮನಿಲ್ಲದೆ ಹೋದರೆ ಅಲ್ಲಿ ಒಬ್ಬ ಪೋಷಕರು ಜವಾಬ್ದಾರಿ ಹೊತ್ತು ಸಹಿ ಹಾಕಬೇಕು. ಆ ಸಹಿ ಹಾಕುವವರು ಯಾರು? ಮಗ ಉತ್ತರ ಹೇಳಲಿಲ್ಲ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ರಿಸರ್ವ್ ಬ್ಯಾಂಕು ಒಬ್ಬರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಲು ಬಿಡುತ್ತದೆ. ಕಳಿಸಲು ಅಡ್ಡಿಯಿಲ್ಲ, ತರುವುದು ಎಲ್ಲಿಂದ? ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಇರುವುದು ಹನ್ನೆರಡನೇ ತರಗತಿಯ ನಂತರದ ಓದಿಗೆ. ಹೈಸ್ಕೂಲಿಗೆಂದು ಬಂದವರಿಗೆ ಮನೆಪತ್ರ ಕೇಳುತ್ತಾರೆ.

ನನ್ನನ್ನು ನಿಜವಾಗಿ ತಡೆದದ್ದು ಬೇರೆ ಷರತ್ತು. ನಮ್ಮ ಸಿಇಟಿಯ ಸಾಮಾನ್ಯ ನಿಯಮದಂತೆ ಒಂದರಿಂದ ಹನ್ನೆರಡರೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲೇ ಪಾಸು ಮಾಡಿರಬೇಕು. ಅಂದರೆ ಹತ್ತು ಮುಗಿಸಿ ಹೋದ ಮಗು ಅಲ್ಲಿ ಒಗ್ಗದೆ ವಾಪಸು ಬಂದರೆ ಒಂದು ಬಾಗಿಲು ತೆರೆದೇ ಇರುತ್ತದೆ. ಅಲ್ಲಿನ ಹನ್ನೆರಡಕ್ಕೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಸಮಾನತೆಯ ಪತ್ರ ತಂದರಾಯಿತು. ಎಂಟಕ್ಕೇ ಹೋಗಿ ಹನ್ನೆರಡನ್ನೂ ಅಲ್ಲೇ ಮುಗಿಸಿದರೆ ಆ ಬಾಗಿಲು ಇಲ್ಲ. ಹದಿಮೂರು ವರ್ಷದ ಹುಡುಗಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ?

ಹಾಗೆಂದು ಮಕ್ಕಳನ್ನು ಸೆರಗಿನಲ್ಲೇ ಕಟ್ಟಿಕೊಳ್ಳಿ ಎನ್ನುವವನಲ್ಲ ನಾನು. ಎಚ್. ನರಸಿಂಹಯ್ಯನವರು 1935ರಲ್ಲಿ ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ನಡೆದೇ ಬಂದರು. ಆಗ ಅವರಿಗೆ ಹದಿನೈದರ ಆಸುಪಾಸು. ಬಸ್ಸಿಗೆ ಕಾಸಿಲ್ಲದೆ ನಡೆದರು, ಆದರೆ ಬಂದು ಸೇರಿದ ಊರಿನ ಮಾತು ಅವರದೇ. ಅಮೆರಿಕಕ್ಕೆ ಹೋದದ್ದು ಮೂವತ್ತೈದು ದಾಟಿದ ಮೇಲೆ. ಓಹಿಯೋದಲ್ಲಿ ಪಿಎಚ್‌ಡಿ ಮುಗಿಸಿ ಮತ್ತೆ ನ್ಯಾಷನಲ್ ಕಾಲೇಜಿಗೇ ಬಂದರು.

ಇನ್ನೊಂದು ಉದಾಹರಣೆ ನಮ್ಮ ರಸ್ತೆಯಲ್ಲೇ ಸಿಕ್ಕಿತು. ಮೂಲೆಯ ದರ್ಶಿನಿಯಲ್ಲಿ ದಿನಾ ಕಾಫಿಗೆ ಸಿಗುವ ಹುಡುಗ ರಾಯಚೂರು ಕಡೆಯವನು, ಪಿ.ಜಿ.ಯಲ್ಲಿದ್ದಾನೆ. ಆರನೇ ಕ್ಲಾಸಿಗೇ ನವೋದಯ ಶಾಲೆಯ ಹಾಸ್ಟೆಲ್ಲು ಸೇರಿದವನು. ನವೋದಯದಲ್ಲಿ ಒಂದು ಪದ್ಧತಿಯಿದೆ: ಒಂಬತ್ತನೇ ಕ್ಲಾಸಿನ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಇವನೂ ಉತ್ತರಕ್ಕೆ ಹೋಗಿದ್ದನಂತೆ. ಒಂದು ಭಾನುವಾರ ಮೊಮ್ಮಗಳನ್ನೂ ದರ್ಶಿನಿಗೆ ಕರೆದೊಯ್ದೆ.

“ಅಳು ಬಂತಾ ಅಣ್ಣ?” ಎಂದು ನೇರವಾಗಿ ಕೇಳಿಬಿಟ್ಟಳು.

“ಮೊದಲ ತಿಂಗಳು ಚಪಾತಿ ನೋಡಿದರೇ ಅಳು” ಎಂದು ನಕ್ಕ ಅವನು. “ಜ್ವರ ಬಂದಿತ್ತು. ಆದರೆ ಪಕ್ಕದ ಮಂಚದಲ್ಲಿ ನಮ್ಮೂರವನೇ ಇದ್ದ ನೋಡು. ಗುಂಪಾಗಿ ಹೋಗಿದ್ವಿ, ಗುಂಪಾಗೇ ಬಂದ್ವಿ. ಹತ್ತಕ್ಕೆ ನಮ್ಮ ಶಾಲೆ ನಮಗೆ ಸಿಕ್ತು.”

ಮನೆಗೆ ಬರುವಾಗ ಅವಳು ಮಾತಾಡಲಿಲ್ಲ. ಲಿಫ್ಟಿನಲ್ಲಿ ಮಾತ್ರ, “ತಾತ, ನಾನು ಹೋದರೆ ಪಕ್ಕದ ಮಂಚದಲ್ಲಿ ಯಾರಿರ್ತಾರೆ?” ಎಂದಳು. ಅದೇ ಪ್ರಶ್ನೆಯನ್ನು ರಾತ್ರಿ ಊಟಕ್ಕೆ ಕೂತಾಗ ಅವರಪ್ಪನಿಗೂ ಕೇಳಿದಳು. ಮಗ ಸಾರಿನ ಬಟ್ಟಲು ಕೆಳಗಿಟ್ಟ.

ಸದ್ಯ ಹತ್ತನೇ ಕ್ಲಾಸು ಇಲ್ಲೇ ಎಂದಾಗಿದೆ. ಆಮೇಲೆ ಅವಳಿಗೇ ಬೇಕೆನಿಸಿದರೆ ಯುನೈಟೆಡ್ ವರ್ಲ್ಡ್ ಕಾಲೇಜುಗಳಿವೆ. ಹದಿನಾರರ ಆಸುಪಾಸಿನ ಮಕ್ಕಳಿಗೆ ಎರಡು ವರ್ಷದ ಓದು, ವಿದ್ಯಾರ್ಥಿವೇತನವೂ ಉಂಟು. ಮೊದಲನೆಯದು 1962ರಲ್ಲಿ ವೇಲ್ಸ್‌ನಲ್ಲಿ ಶುರುವಾಯಿತು. ನಮ್ಮ ಪುಣೆಯ ಹತ್ತಿರವೂ 1997ರಿಂದ ಒಂದಿದೆ. ಬರುವ ಬೇಸಿಗೆ ರಜೆಯಲ್ಲಿ ಪುಣೆಯ ಕಡೆ ಹೋಗಿ ಬರೋಣ ಎಂದಿದ್ದಾಳೆ ಸೊಸೆ. ರೈಲಿನ ಟಿಕೆಟ್ಟು ನನ್ನ ಪಾಲು.