ಪಳ್ಳಿ, ಹಳ್ಳಿ, ಅಳ್ಳಿ

ತಮಿಳುನಾಡು ಸರ್ಕಾರದ ಲಾಂಛನದಲ್ಲಿ ಒಂದು ದೇವಾಲಯದ ಗೋಪುರವಿದೆ. ಅದು ಶ್ರೀವಿಲ್ಲಿಪುತ್ತೂರಿನದೆಂದು ಪ್ರಸಿದ್ಧಿ. ಮುಂದೆ ಅಶೋಕನ ಸಿಂಹಗಳು, ಸುತ್ತಲೂ ಸತ್ಯವೇ ಗೆಲ್ಲುವುದೆಂಬ ತಮಿಳು ನುಡಿ. ರಾಜ್ಯದ ಪ್ರಾಣಿ ನೀಲಗಿರಿಯ ವರಯಾಡು, ಹೂ ಅಗ್ನಿಶಿಖೆ, ಮರ ತಾಳೆ, ಹಣ್ಣು ಹಲಸು. ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳ ಮಕ್ಕಳೂ ಈ ಪಟ್ಟಿಯನ್ನು ಶಾಲೆಯಲ್ಲಿ ಕಂಠಪಾಠ ಮಾಡುತ್ತಾರೆ. ವರಯಾಡು ಈ ಎರಡು ಜಿಲ್ಲೆಗಳ ಯಾವ ಬೆಟ್ಟದಲ್ಲೂ ಇಲ್ಲ. ತಾಳೆಯೇನೋ ಇದೆ, ಅದರ ಗರಿಯ ಮೇಲೆ ಎರಡು ಭಾಷೆಗಳ ಸಾಹಿತ್ಯವೂ ಉಳಿದು ಬಂದಿದೆ. ಆದರೆ ಕನ್ನಡ ವಿದ್ಯಾರ್ಥಿ ತಡೆದು ನಿಲ್ಲಬೇಕಾದದ್ದು ಹಲಸಿನ ಬಳಿ. ತಮಿಳಿನಲ್ಲಿ ಅದು ಪಲಾ, ಹಳಗನ್ನಡದಲ್ಲಿ ಪಲಸು, ಇಂದು ಹಲಸು. 10ನೆಯ ಶತಮಾನದ ಸುಮಾರಿಗೆ ತೊಡಗಿ 14ನೆಯ ಶತಮಾನದ ಹೊತ್ತಿಗೆ ನೆಲೆನಿಂತ ಪಕಾರ-ಹಕಾರ ವ್ಯತ್ಯಾಸವನ್ನು ತರಗತಿಯಲ್ಲಿ ಒಂದು ನಿಯಮವೆಂದು ಓದುತ್ತೇವೆ. ಧರ್ಮಪುರಿಯಲ್ಲಿ ಆ ನಿಯಮ ಊರುಗಳ ಹೆಸರಾಗಿ ನೆಲದ ಮೇಲೆ ನಿಂತಿದೆ.

ಈ ನೆಲದ ಆಡಳಿತಕ್ಕೆ ಸ್ಥಿರತೆಯೆಂಬುದು ಕಡಿಮೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ತಮಿಳರ ನೆನಪಿನಲ್ಲಿ ಅದು ಅದಿಯಮಾನನ ರಾಜಧಾನಿ, ಔವೈಯಾರ್ ಹಾಡಿದ ಊರು. ಕನ್ನಡ ಶಾಸನಗಳನ್ನು ಓದುವವರಿಗೆ ಅದು ನೊಳಂಬರ ಊರು: 9ನೆಯ ಶತಮಾನದ ಕೊನೆಯಲ್ಲಿ ಮಹೇಂದ್ರ ನೊಳಂಬನ ಕಾಲದಲ್ಲಿ ಇಲ್ಲಿನ ಬಸದಿಗೆ ಮೂಲಪಳ್ಳಿಯೆಂಬ ಗ್ರಾಮ ದತ್ತಿಯಾಗಿ ಸಂದಿತು. ಎರಡೂ ನಿಜ. ಮುಂದೆ ಮೈಸೂರಿನ ಹೈದರ್, ಟಿಪ್ಪು ಆಳಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಮತ್ತು ಸೇಲಂ ಕಂಪನಿಗೆ ಹೋದವು. ಅಲೆಕ್ಸಾಂಡರ್ ರೀಡನ ಕೈಕೆಳಗೆ ತರುಣ ಥಾಮಸ್ ಮನ್ರೋ ರೈತವಾರಿ ಕಂದಾಯದ ಪಾಠ ಕಲಿತದ್ದು ಇಲ್ಲಿಯೇ. ಬ್ರಿಟಿಷರ ಸೇಲಂ ಜಿಲ್ಲೆಯನ್ನು ತಲಘಾಟ್, ಬಾರಾಮಹಲ್, ಬಾಲಾಘಾಟ್ ಎಂದು ಮೂರಾಗಿ ಎಣಿಸುತ್ತಿದ್ದರು: ಘಟ್ಟದ ಕೆಳಗಿನದು, ನಡುವಿನದು, ಮೈಸೂರು ಪ್ರಸ್ಥಭೂಮಿಗೆ ಅಂಟಿಕೊಂಡ ಹೊಸೂರಿನ ಸೀಮೆ. ಈಗಿನ ಗಡಿಗಳಿಗಿಂತ ಅದು ಭೂಮಿಯನ್ನು ಹೆಚ್ಚು ಅರಿತ ವಿಭಾಗವೆನ್ನಬೇಕು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಎಲ್ಲವೂ ಮದರಾಸಿನಲ್ಲೇ ಉಳಿಯಿತು. 1965ರಲ್ಲಿ ಸೇಲಂನಿಂದ ಧರ್ಮಪುರಿ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದವು. ಇಂದು 234 ಸ್ಥಾನಗಳ ವಿಧಾನಸಭೆಯಲ್ಲಿ ಸೇಲಂ ಜಿಲ್ಲೆಗೆ 11, ಧರ್ಮಪುರಿಗೆ 5.

ಹೆಸರುಗಳ ಸಂಗತಿಗೆ ಬರೋಣ. ಧರ್ಮಪುರಿಯ ಪಕ್ಕದಲ್ಲಿ ನಲ್ಲಂಪಳ್ಳಿ ಇದೆ. ಅದನ್ನು ಕನ್ನಡದ ಸಾಕ್ಷಿಗೆ ಕರೆಯಲಾಗದು, ಪಳ್ಳಿ ಎರಡೂ ಭಾಷೆಗಳ ಸೊತ್ತು. ಆದರೆ ಪಾಲಕ್ಕೋಡು ತಾಲ್ಲೂಕಿನ ಮಾರಂಡಹಳ್ಳಿ? ಅಲ್ಲಿ ಪಕಾರ ಹಕಾರವಾಗಿದೆ, ಆ ಬದಲಾವಣೆ ತಮಿಳಿನದಲ್ಲ. ತಮಿಳು ಬರಹದಲ್ಲಿ ಈ ಊರುಗಳ ‘ಹಳ್ಳಿ’ ಅನೇಕ ಕಡೆ ‘ಅಳ್ಳಿ’ಯಾಗಿದೆ. ಹೀಗೆ ಪಳ್ಳಿ, ಹಳ್ಳಿ, ಅಳ್ಳಿ ಎಂಬ ಮೂರು ಅವಸ್ಥೆಗಳೂ ಒಂದೇ ಜಿಲ್ಲೆಯೊಳಗೆ ಸಿಗುತ್ತವೆ.

ಹೊಗೆನಕಲ್ಲಿನದು ಇನ್ನೂ ಸ್ಪಷ್ಟ. ಕಾವೇರಿ ಬಂಡೆಗಳ ಮೇಲೆ ಬಿದ್ದು ಎಬ್ಬಿಸುವ ತುಂತುರು ಹೊಗೆಯಂತೆ ಕಾಣುವುದರಿಂದ ಆ ಹೆಸರು. ಹೊಗೆಗೆ ಹಳಗನ್ನಡದಲ್ಲಿ ಪೊಗೆ, ತಮಿಳಿನಲ್ಲಿ ಪುಗೈ. ತಮಿಳರೇ ಹೆಸರಿಟ್ಟಿದ್ದರೆ ಅದು ಪಕಾರದಿಂದಲೇ ತೊಡಗಬೇಕಿತ್ತು. ಈಗ ತಮಿಳಿನಲ್ಲಿ ಅದನ್ನು ‘ಒಗೇನಕ್ಕಲ್’ ಎಂದು ಬರೆಯುತ್ತಾರೆ. ಹಕಾರ ಬಿದ್ದುಹೋದರೂ ಅದು ಬಿದ್ದ ಜಾಗ ಉಳಿದಿದೆ. ಹೊಸಗನ್ನಡದ ಒಕ್ಕಲು ಬಂದು ಕರೆದ ಹೆಸರಿದು ಎಂಬುದಕ್ಕೆ ಅಷ್ಟು ಸಾಕು. ಗಡಿಯಲ್ಲಿ ನದಿಯ ನೀರನ್ನು ಅಳೆಯುವ ಠಾಣೆಯ ಹೆಸರೂ ಬಿಳಿಗುಂಡ್ಲು. 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ 177.25 ಟಿಎಂಸಿ ಲೆಕ್ಕವಾಗುವುದು ಆ ಹೆಸರಿನ ಕೆಳಗೆ.

ಇದನ್ನೆಲ್ಲ ಹೇಳುವಾಗ ಒಂದು ಎಚ್ಚರ ಅಗತ್ಯ. ಧರ್ಮಪುರಿ, ಕೃಷ್ಣಗಿರಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಾಗುತ್ತದೆ, ಮೂಳೆ ಬಾಗುತ್ತದೆ. ಆ ಜನರಿಗೆ ಕಾವೇರಿಯ ನೀರು ಕೊಡುವ ಹೊಗೆನಕಲ್ಲು ಯೋಜನೆಗೆ 2008ರಲ್ಲಿ ಕರ್ನಾಟಕದಲ್ಲಿ ಪ್ರತಿಭಟನೆಗಳಾದವು. 2013ರಲ್ಲಿ ಯೋಜನೆ ಉದ್ಘಾಟನೆಯಾಯಿತು. ಹೆಸರು ಕನ್ನಡದ್ದೆಂದ ಮಾತ್ರಕ್ಕೆ ನೀರಿನ ವಾದ ಗೆದ್ದಂತಲ್ಲ. ಆ ನೀರನ್ನು ಕುಡಿಯುವವರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ.

ಅವರ ಮನೆಮಾತಿನ ಸ್ಥಿತಿಯೇ ಹೆಚ್ಚು ಚಿಂತೆಯದು. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಮಗ್ಗದ ಮುಂದೆ ಕನ್ನಡ ಕೇಳುತ್ತದೆ, ಚೌಡೇಶ್ವರಿಯ ಪೂಜೆಯೂ ನಡೆಯುತ್ತದೆ. ಆದರೆ ಲಗ್ನಪತ್ರಿಕೆ ಅಚ್ಚಾಗುವುದು ತಮಿಳಿನಲ್ಲಿ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ರಾಜ್ಯದ 2006ರ ಕಾಯಿದೆ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯ ಮಾಡಿತು. ತಮಿಳು ಕಲಿಯುವುದು ನಷ್ಟವಲ್ಲ. ಆದರೆ ಎರಡನೆಯ ಲಿಪಿಗೆ ದಾರಿಯಿಲ್ಲದಾಗ ಮಾತು ಅಜ್ಜಿಯ ಬಾಯಲ್ಲಿಯೇ ನಿಲ್ಲುತ್ತದೆ.

2021ರಲ್ಲಿ ರಾಜ್ಯಗೀತೆಯೆಂದು ಘೋಷಿತವಾದ ತಮಿಳ್‌ತಾಯ್ ವಾಳ್ತು ಸುಂದರಂ ಪಿಳ್ಳೆಯವರ ‘ಮನೋನ್ಮಣೀಯಂ’ ನಾಟಕದ್ದು. ಮೂಲದಲ್ಲಿ ಕನ್ನಡದ ಹೆಸರೂ ಬರುತ್ತದೆ, ತಮಿಳಿನ ಬಸುರಿನಿಂದ ಹುಟ್ಟಿದ ಭಾಷೆಗಳಲ್ಲಿ ಒಂದೆಂದು. ಹಾಡುವ ಪಾಠದಲ್ಲಿ ಆ ಸಾಲುಗಳನ್ನು ಬಿಟ್ಟಿದ್ದಾರೆ. ಭಾಷಾವಿಜ್ಞಾನ ಒಪ್ಪದ ವಂಶಾವಳಿ ಹೋದದ್ದು ಒಳ್ಳೆಯದೇ. ಅದರೊಡನೆ ಹೆಸರೂ ಹೋಯಿತು. ತಮಿಳಿನ ಅಚ್ಚುಮೊಳೆಗಳಲ್ಲಿ ಗ್ರಂಥ ಲಿಪಿಯಿಂದ ಬಂದ ಹಕಾರವೊಂದು ಇದ್ದೇ ಇದೆ. ಮಾರಂಡಹಳ್ಳಿಯನ್ನು ಕೆಲವರು ಈಗಲೂ ಅದನ್ನಿಟ್ಟೇ ಬರೆಯುತ್ತಾರೆ.